ಬೇಸಿಗೇಲೂ ಬೆಂಚ್ ಗೋಡೆ ಬೆವರ್ತಾ ಐತೆ, ಕಲ್ಲಿದ್ದಲು ಮೈನ್ಸ್ ನೀರಿನ ಬಗ್ಗೆ ಗೊತ್ತಿರೋರು ಇದೀರಾ?

ಭೀಮಸಮುದ್ರದ ಹುಡ್ಗ

ಎಲ್ರಿಗೂ ನಮಸ್ಕಾರ. ಊರು ಭೀಮಸಮುದ್ರ. ಆರು ವರ್ಷ ಊರ್ ಹತ್ರಾನೇ ಕಬ್ಬಿಣದ ಅದಿರಿನ ಮೈನ್ಸ್‌ನಲ್ಲಿ ಮೇಟ್ (ಕೆಲಸಗಾರರ ಮೇಲ್ವಿಚಾರಕ) ಆಗಿದ್ದೆ, ಹೋದ ದೀಪಾವಳಿ ಕಳೆದ್ಮೇಲೆ ಮಹಾರಾಷ್ಟ್ರದ ಚಂದ್ರಾಪುರದ ಕಡೆ ಒಂದು ಕಲ್ಲಿದ್ದಲು ಓಪನ್‌ಕಾಸ್ಟ್‌ಗೆ (ಮೇಲಿಂದ ಅಗೆಯೋ ತೆರೆದ ಗಣಿ) ಬಂದೆ, ಕಾಂಟ್ರಾಕ್ಟ್ ಕಂಪನಿ, ಹೆಸ್ರು ಬೇಡ ಬಿಡಿ. ಸಂಬಳ ಪರ್ವಾಗಿಲ್ಲ, ಊಟ ಮಾತ್ರ ಎರಡು ಹೊತ್ತೂ ಚಪಾತಿ. ಬಂದ ತಿಂಗಳಿಗೇ "ನೀನು ಪಂಪ್ ನೋಡ್ಕೋ" ಅಂತ ನೀರಿನ ಕೆಲಸ ತಲೆಗೆ ಕಟ್ಟಿದ್ರು.

ನಮ್ಮ ಗುಡ್ಡದ ಮೈನ್ಸ್‌ನಲ್ಲಿ ನೀರಿಂದು ದೊಡ್ಡ ತಲೆನೋವಲ್ಲ, ಮಳೆ ಬಿದ್ರೆ ತಾನೇ ಇಳ್ಕೊಂಡು ಹೋಗ್ತಿತ್ತು, ಕೆಂಪು ಮಣ್ಣು ಕೆರೆಗೆ ಹೋಗ್ದಂಗೆ ಚೆಕ್ ಡ್ಯಾಂ ಕಟ್ಕೊಂಡ್ರೆ ನಮ್ಮ ಪಾಲಿನ ಕೆಲಸ ಮುಗೀತಿತ್ತು. ಇಲ್ಲಿ ಪಿಟ್ಟು ಬೋಗುಣಿ ಇದ್ದಂಗೆ ಐತೆ, ಬಿದ್ದಿದ್ದೆಲ್ಲ ಒಳಗೇ, ಹೊರಗೆ ಹಾಕ್ಬೇಕು ಅಂದ್ರೆ ಪಂಪೇ ಗತಿ.

ವಿಷ್ಯ ಏನಪ್ಪಾ ಅಂದ್ರೆ ಪಡುವಣ ಕಡೆ ಕೆಳಗಿನ ಬೆಂಚಿನ (ಪಿಟ್ಟಲ್ಲಿ ಮೆಟ್ಟಿಲು ಥರ ಅಗೆದಿರೋ ಹಂತ) ಗೋಡೆ ಹದಿನೈದು ಅಡಿ ಅಗಲಕ್ಕೆ ಯಾವಾಗ್ಲೂ ಹಸಿ. ಏಪ್ರಿಲ್ ಬಿಸಿಲು, ಹೊರಗೆ ನಿಂತ್ರೆ ತಲೆ ಸಿಡಿಯುತ್ತೆ, ಆದ್ರೂ ಅದು ಒಣಗಲ್ಲ. ಹೋದ ವಾರ ತೊಟ್ಟಿಕ್ತಿತ್ತು, ಈ ವಾರ ಒಂದು ಕಡೆ ಬೆರಳು ದಪ್ಪ ಹರೀತಾ ಐತೆ, ತುಕ್ಕಿನ ಬಣ್ಣದ ಲೋಳೆ ಬೇರೆ. ನಮ್ಮ ಇನ್‌ಚಾರ್ಜು ಒರತೆ ಕಣೋ ಮಾಮೂಲಿ ಅಂತಾನೆ. ಇಲ್ಲೇ ಹುಟ್ಟಿ ಬೆಳೆದ ಡೋಜರ್ ಆಪರೇಟರ್ ಒಬ್ಬ ಮಾತ್ರ ಆ ಕಡೆ ಅವರ ಅಜ್ಜನ ಕಾಲದ ಖದಾನ್ (ಹಳೇ ಗಣಿ) ಇತ್ತು ಅಂದ. ಅವನು ಹಂಗಂದ ಮೇಲೆ ನಿದ್ದೆ ಸರಿಯಾಗಿ ಬರ್ತಿಲ್ಲ. ಇನ್ನು ಎರಡು ತಿಂಗಳಿಗೆ ಮಳೆಗಾಲ. ಏನ್ ಮಾಡ್ಲಿ?

ಬೆಣ್ಣೆದೋಸೆ ಬಾಸ್

ಚಪಾತಿ ತಿಂದು ಬದುಕಿರೋನಿಗೆ ಒರತೆ ಯಾವ ಲೆಕ್ಕ ಗುರು 😂 ಊರಿಗೆ ಬಂದಾಗ ದಾವಣಗೆರೆಗೆ ಬಾ, ಎರಡು ಬೆಣ್ಣೆ ಖಾಲಿ ಕೊಡಿಸ್ತೀನಿ.

ತಮಾಷೆ ಬಿಟ್ಟು ಒಂದ್ ಡೌಟು, ಕಲ್ಲಿದ್ದಲು ನಮ್ಮ ಕಡೆ ಯಾಕ್ ಸಿಗಲ್ಲ? ಕಬ್ಬಿಣ ಐತೆ, ತಾಮ್ರ ಐತೆ, ಮ್ಯಾಂಗನೀಸ್ ಐತೆ, ಅದೊಂದ್ಯಾಕಿಲ್ಲ?

ಹಿರಿಯೂರು ಟು ಸುರತ್ಕಲ್

@ಬೆಣ್ಣೆದೋಸೆ ನಮ್ಮ ಕಲ್ಲು ಬಹಳ ಹಳೇದು ಬ್ರೋ. ಚಿತ್ರದುರ್ಗದ ಹತ್ರ ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಬಂಡೆ ಇದಾವಲ್ಲ, ಸಮುದ್ರದ ತಳದಲ್ಲಿ ಲಾವಾ ಉಕ್ಕಿ ಗಟ್ಟಿಯಾಗಿದ್ದು, ಅವು 250 ಕೋಟಿ ವರ್ಷಕ್ಕಿಂತ ಹಳೇವು. ಕಲ್ಲಿದ್ದಲು ಅಂದ್ರೆ ಮರ ಗಿಡ ಹೂತು ಆಗೋದು, ಆ ಕಾಲದಲ್ಲಿ ಭೂಮಿ ಮೇಲೆ ಮರಾನೇ ಇರ್ಲಿಲ್ಲ. ಗೋದಾವರಿ, ವಾರ್ಧಾ, ದಾಮೋದರ್ ಕಣಿವೆ ಕಲ್ಲಿದ್ದಲೆಲ್ಲ ಆಮೇಲಿಂದು, ಹೆಚ್ಚು ಕಮ್ಮಿ 25-30 ಕೋಟಿ ವರ್ಷದ್ದು. ಅದಕ್ಕೇ ನಮ್ಮ ಕುಡುತಿನಿ ಥರ್ಮಲ್ ಪ್ಲಾಂಟಿಗೆ ಕಲ್ಲಿದ್ದಲು ಹೊರಗಿಂದಾನೇ ಬರ್ಬೇಕು, ಕರ್ನಾಟಕದ ವಿದ್ಯುತ್ ನಿಗಮ ಕೆಪಿಸಿಗೆ ಸೇರಿದ ಬರಾಂಜ್ ಗಣಿ ಇರೋದೂ ಇದೇ ಚಂದ್ರಾಪುರ ಜಿಲ್ಲೇಲಿ.

@ಭೀಮಸಮುದ್ರ ಅಣ್ಣ, ನಾನು ಮೈನಿಂಗ್ ಓದಿದೋನು, ಈಗ ಒಂದು ಲೈಮ್‌ಸ್ಟೋನ್ ಗಣೀಲಿದೀನಿ. ನಂಗೂ ಅದು ಬರೀ ಒರತೆ ಅನ್ನಿಸ್ತಿಲ್ಲ. ವಾಸನೆ ಏನಾದ್ರೂ ಬರುತ್ತಾ? ಮತ್ತೆ ನೀರು ತಿಳಿಯಾಗಿದ್ಯಾ, ಬಗ್ಗಡಾನಾ?

ಭೀಮಸಮುದ್ರದ ಹುಡ್ಗ

ಇವತ್ತು ಹತ್ರ ಹೋಗಿ ನೋಡ್ದೆ. ತಿಳಿಯಾಗೈತೆ. ಬೆಳಗಿನ ಜಾವ ಗಾಳಿ ಇಲ್ದಾಗ ಕೊಳೆತ ಮೊಟ್ಟೆ ವಾಸನೆ ಸಣ್ಣಕೆ ಹೊಡೆಯುತ್ತೆ. ಮಧ್ಯಾಹ್ನ ಗೊತ್ತಾಗಲ್ಲ.

ರಿಟೈರ್ಡ್ ಓವರ್‌ಮ್ಯಾನ್

ತಮ್ಮಾ, ನಾನು ದಾವಣಗೆರೆಯವ್ನು, 31 ವರ್ಷ ತೆಲಂಗಾಣದ ಕಡೆ ಭೂಮಿ ಒಳಗಿನ ಕಲ್ಲಿದ್ದಲು ಗಣೀಲಿ ಮಾಡಿ ಈಗ ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡು ಕುಂತೀನಿ. ನೀ ಬರ್ದಿದ್ದು ಓದಿ ಚಹಾ ಆರಿ ಹೋತು.

ಮೊದ್ಲು ಒಂದು ಮಾತು, ಆ ಗೋಡೆ ಹತ್ರ ನೀನೊಬ್ನೇ ಹೋಗಬ್ಯಾಡ, ಅದರ ಬುಡದಾಗೆ ಯಾರನ್ನೂ ಕುಂತು ಬುತ್ತಿ ಬಿಚ್ಚಾಕೆ ಬಿಡಬ್ಯಾಡ. ತುಕ್ಕಿನ ಲೋಳೆ, ಕೊಳೆತ ಮೊಟ್ಟೆ ವಾಸನೆ, ದಿನದಿಂದ ದಿನಕ್ಕೆ ಜಾಸ್ತಿ ಆಗೋದು, ಈ ಮೂರೂ ಒಟ್ಟಿಗೆ ಬಂದ್ರೆ ಅದು ನಿಂತ ನೀರು, ವರ್ಷಗಟ್ಲೆ ಕತ್ಲಾಗೆ ಕಲ್ಲಿದ್ದಲ ಜೊತೆ ಕೊಳೆತಿದ್ದು. ಮಳೆ ನೀರಿನ ಒರತೆ ಬ್ಯಾಸಗ್ಯಾಗೆ ಇಳೀಬೇಕು, ಏರಬಾರ್ದು. ನಿಮ್ಮ ಇನ್‌ಚಾರ್ಜು ಎಷ್ಟು ಓದ್ಯಾನೋ ಗೊತ್ತಿಲ್ಲ, ಈ ಸಾದಾ ಲೆಕ್ಕ ಅವನಿಗೆ ಹೊಳೀಬೇಕಿತ್ತು.

ಹಳೇ ಗಣಿ ಅಂದ್ರೆ ಏನಂತ ತಿಳ್ಕೋ. 1971-73ರಾಗೆ ಸರ್ಕಾರ ಕಲ್ಲಿದ್ದಲು ಗಣಿಗಳನ್ನೆಲ್ಲ ತಗೊಳ್ಳೋಕೆ ಮುಂಚೆ ಖಾಸಗಿಯವ್ರು ಅಲ್ಲಲ್ಲಿ ಗ್ಯಾಲರಿ (ಸುರಂಗದ ದಾರಿ) ಕೊರೆದು, ಮಧ್ಯ ಮಧ್ಯ ಕಂಬ ಬಿಟ್ಟು ಕಲ್ಲಿದ್ದಲು ತೆಗ್ದು, ಲಾಭ ಮುಗಿದ ಮೇಲೆ ಹಂಗೇ ಬಿಟ್ಟು ಹೋದ್ರು. ಪಂಪ್ ನಿಂತ ಮೇಲೆ ಅವೆಲ್ಲ ತುಂಬಿದ ಬಾವಿ ಆದವು, ಮೇಲ್ಗಡೆ ಮಾತ್ರ ಜಾಲಿ ಬೆಳ್ದು ಏನೂ ಕಾಣಲ್ಲ. ಈಗ ಎಷ್ಟೋ ಓಪನ್‌ಕಾಸ್ಟ್‌ನವ್ರು ಅದೇ ಕಂಬಗಳನ್ನ ತೆಗೆಯಾಕೆ ಮೇಲಿಂದ ಅಗೀತಾರೆ. ನಿಮ್ಮ ಪಿಟ್ಟು ಮತ್ತೆ ಆ ತುಂಬಿದ ಗ್ಯಾಲರಿ ನಡುವೆ ಎಷ್ಟು ದಪ್ಪ ಕಲ್ಲಿದ್ದಲ ಗೋಡೆ ಉಳಿದೈತೆ ಅನ್ನೋದೇ ಈಗಿನ ಪ್ರಶ್ನೆ. ಪಂಪ್ ಎಷ್ಟು ಎಚ್‌ಪಿ ಅನ್ನೋದು ಆಮೇಲಿನ ಮಾತು.

ನಾಳೆ ಹೋಗಿ ಸರ್ವೇಯರ್‌ನ ಹಿಡ್ಕೋ. ಆ ಕಡೆ ಹಳೇ ವರ್ಕಿಂಗ್ ಪ್ಲಾನ್, ಅಂದ್ರೆ ಹಿಂದೆ ಅಗೆದ ಜಾಗದ ನಕ್ಷೆ, ಐತಾ ಅಂತ ಕೇಳು. ಐತೆ ಅಂದ್ರೆ ಪಿಟ್ಟಿಂದ ಎಷ್ಟು ಮೀಟರ್ ಅಂತ ಕೇಳು. ಕಲ್ಲಿದ್ದಲು ಗಣಿ ನಿಯಮಾವಳಿ ಪ್ರಕಾರ ನೀರು ತುಂಬಿರಬಹುದಾದ ಹಳೇ ವರ್ಕಿಂಗ್‌ನಿಂದ 60 ಮೀಟರ್ ಒಳಗೆ ಬಂದ್ರೆ ಡಿಜಿಎಂಎಸ್ (ಗಣಿ ಸುರಕ್ಷತೆ ನೋಡೋ ಕೇಂದ್ರ ಇಲಾಖೆ) ಬರವಣಿಗೇಲಿ ಅನುಮತಿ ಕೊಡದೆ ಮುಂದಕ್ಕೆ ಹೋಗೋ ಹಂಗಿಲ್ಲ. ಮುಂದೆ ಬೋರ್ (ನೀರು ಐತಾ ಅಂತ ನೋಡೋ ಉದ್ದನೆ ತೂತು) ಹಾಕ್ಕೊಂಡೇ ಹೋಗ್ಬೇಕು, ಬೋರಿನ ತುದಿ ಯಾವಾಗ್ಲೂ ನಮ್ಮ ಕೆಲಸಕ್ಕಿಂತ ಕನಿಷ್ಠ 3 ಮೀಟರ್ ಮುಂದಿರ್ಬೇಕು. ಕುರುಡರು ಕೋಲು ಮುಂದೆ ಹಾಕಿ ಹೆಜ್ಜೆ ಇಡಲ್ವಾ, ಹಂಗೆ.

ಬೆಣ್ಣೆದೋಸೆ ಬಾಸ್

ಯಜಮಾನ್ರೇ, ಒಂದು ಗೋಡೆ ಒಡೆದ್ರೆ ಅಷ್ಟೊಂದು ಆಗುತ್ತಾ? ಓಪನ್ ಪಿಟ್ ಅಲ್ವಾ, ಮೇಲೆ ಓಡಿ ಬಂದ್ರಾಯ್ತು.

ರಿಟೈರ್ಡ್ ಓವರ್‌ಮ್ಯಾನ್

ಓಡಾಕೆ ಟೈಮ್ ಕೊಟ್ರೆ ಓಡಬಹುದಪ್ಪಾ. 1975 ಡಿಸೆಂಬರ್ 27, ಧನಬಾದ್ ಹತ್ರ ಚಾಸ್ನಾಲಾ. ಮೇಲಿನ ಹಳೇ ವರ್ಕಿಂಗ್‌ನಾಗಿದ್ದ ನೀರು ಕೆಳಗೆ ಕೆಲಸ ಮಾಡ್ತಿದ್ದವ್ರ ಮೇಲೆ ಒಡ್ಕೊಂಡು ಬಂತು, 375 ಜನ ಸತ್ರು. 2001 ಫೆಬ್ರವರಿಯಾಗೆ ಬಾಗಡಿಗಿ, ಪಕ್ಕದ ಹಳೇ ಗಣಿ ನೀರು, 29 ಜನ. 1995ರಾಗೆ ಗಾಸ್ಲಿಟಾಂಡ್, ಅದು ಹಳೇ ಗಣಿ ನೀರಲ್ಲ, ಜೋರು ಮಳೆಗೆ ಪಕ್ಕದ ಕತ್ರಿ ನದಿ ಉಕ್ಕಿ ಗಣಿ ಒಳಗೆ ನುಗ್ಗಿದ್ದು, 64 ಜನ. ನಾವು ಟ್ರೈನಿಂಗ್‌ನಾಗೆ ಈ ಹೆಸ್ರುಗಳನ್ನ ಮಗ್ಗಿ ಥರ ಬಾಯಿಪಾಠ ಮಾಡ್ತಿದ್ವಿ. ಈಚೆಗೆ 2018ರಾಗೆ ಮೇಘಾಲಯದ ಕ್ಸಾನ್‌ನಾಗೆ ಇಲಿ ಬಿಲದಂಥ ಗಣಿ, ಹಸಿರು ಪೀಠ 2014ರಾಗೇ ನಿಲ್ಲಿಸಿ ಅಂದಿದ್ರೂ ಕದ್ದು ಅಗೀತಿದ್ರು, 15 ಜನ ಒಳಗೇ ಉಳಿದ್ರು, ನೌಕಾಪಡೆ ಮುಳುಗುಗಾರರು ಬಂದ್ರೂ ಯಾರನ್ನೂ ಜೀವಸಹಿತ ತೆಗೆಯಾಕೆ ಆಗ್ಲಿಲ್ಲ.

ಇವೆಲ್ಲ ಭೂಮಿ ಒಳಗಿನ ಗಣಿಗಳು, ಖರೆ. ಆದ್ರೆ ಓಪನ್‌ಕಾಸ್ಟ್‌ನಾಗೂ ನೀರಿನ ತೂಕ ಅದೇ. 10 ಮೀಟರ್ ಎತ್ತರದ ನೀರಿಗೆ ಪ್ರತಿ ಚದರ ಮೀಟರಿಗೆ 10 ಟನ್. ಗ್ಯಾಲರಿಯಾಗೆ ನೀರು 30 ಮೀಟರ್ ಎತ್ತರಕ್ಕೆ ನಿಂತಿದ್ರೆ ಗೋಡೆಯ ಒಂದೊಂದು ಚದರ ಮೀಟರ್ ಮೇಲೆ 30 ಟನ್ ತಳ್ಳುತ್ತಾ ಐತೆ, ರಾತ್ರಿ ಹಗಲು, ಭಾನುವಾರ ಸೈತ. ಅದರ ಎದುರಿಗೆ ನೀವು ದಿನಾ ಬ್ಲಾಸ್ಟಿಂಗ್ ಬೇರೆ ಮಾಡ್ತೀರಿ.

ಬದುಕಿ ಬಂದಿದ್ದೂ ಉಂಟು. 1989 ನವೆಂಬರ್‌ನಾಗೆ ರಾಣಿಗಂಜ್‌ನ ಮಹಾವೀರ್ ಕೋಲಿಯರಿಗೆ ನೀರು ನುಗ್ಗಿದಾಗ ಜಸ್ವಂತ್ ಸಿಂಗ್ ಗಿಲ್ ಅನ್ನೋ ಎಂಜಿನಿಯರ್ ಮೇಲಿಂದ ಬೋರ್ ಕೊರೆಸಿ, ಕಬ್ಬಿಣದ ಕ್ಯಾಪ್ಸೂಲ್ ಮಾಡಿಸಿ, ತಾನೇ ಅದರಾಗೆ ಇಳಿದು 65 ಜನನ ಒಬ್ಬೊಬ್ಬರನ್ನಾಗಿ ಮೇಲೆ ಕಳಿಸಿದ. ನಮ್ಮ ಗಣಿಯಾಗೆ ಸರ್ದಾರ್ಜಿ ಫೋಟೋ ಒಂದು ಲ್ಯಾಂಪ್ ರೂಮಿನಾಗೆ ಹಾಕಿದ್ವಿ.

ಜಗಳೂರು ಟೀಚರ್

ಓದಿ ಎದೆ ಝಲ್ ಅಂತು. ಅಣ್ಣಾರೆ, ಕೆಲಸ ಬಿಟ್ಟು ಬಂದ್ಬಿಡಿ ಅಂತ ಹೇಳೋಕೆ ಮನಸ್ಸು ಬರುತ್ತೆ, ಆದ್ರೆ ಮನೆ ಪರಿಸ್ಥಿತಿ ನಂಗೇನ್ ಗೊತ್ತು. ನಮ್ಮ ಕಡೆ ಕಲ್ಲು ಕ್ವಾರಿ ಗುಂಡಿಗಳದ್ದೂ ಇದೇ ಗೋಳು. ಕ್ವಾರಿ ನಿಲ್ಲಿಸಿ ಹೋಗ್ತಾರೆ, ಗುಂಡಿ ತುಂಬುತ್ತೆ, ಬೇಸಿಗೆ ರಜೆಗೆ ಮಕ್ಕಳು ಈಜೋಕೆ ಹೋಗ್ತವೆ, ದಡ ಅನ್ನೋದೇ ಇರಲ್ಲ ನೇರ ಗೋಡೆ, ಹತ್ತಿ ಬರೋಕೆ ಆಗಲ್ಲ. ನಾನಂತೂ ಪ್ರತಿ ವರ್ಷ ಏಪ್ರಿಲ್ 10ಕ್ಕೆ ರಿಸಲ್ಟ್ ಕೊಡೋವಾಗ ಮಾರ್ಕ್ಸ್ ಕಾರ್ಡ್‌ಗಿಂತ ಮೊದ್ಲು ಇದನ್ನೇ ಹೇಳೋದು.

ಇಂಗಳದಾಳ್ ಮೊಮ್ಮಗ

ನಮ್ಮಜ್ಜ ಇಂಗಳದಾಳ್ ತಾಮ್ರದ ಗಣೀಲಿ ಪಂಪ್ ಆಪರೇಟರ್ ಆಗಿದ್ರು. ಅದೂ ಭೂಮಿ ಒಳಗಿನ ಗಣಿ, ಈಗ ಮುಚ್ಚಿ ಎಷ್ಟೋ ವರ್ಷ ಆಯ್ತು. ಅವ್ರು ಹೇಳ್ತಿದ್ರು, ಹಬ್ಬ ಇರ್ಲಿ ಜಾತ್ರೆ ಇರ್ಲಿ ಗಣಿ ರಜೆ ಇದ್ರೂ ಪಂಪಿನೋನಿಗೆ ರಜೆ ಇಲ್ಲ, ಅದಿರು ತೆಗೆಯೋನು ಒಂದು ದಿನ ಬರ್ದಿದ್ರೆ ಅದಿರು ಎಲ್ಲಿಗೂ ಹೋಗಲ್ಲ, ನೀರು ಹಂಗಲ್ಲ ಅಂತ. ಕೋಲಾರದ ಕೆಜಿಎಫ್ ನೋಡಿ, 2001ರಲ್ಲಿ ಮುಚ್ಚಿದ್ರು, ಪಂಪ್ ನಿಲ್ಸಿದ್ರು, ಮೂರು ಕಿಲೋಮೀಟರ್ ಆಳದ ಗಣಿಗೆ ನೀರು ತುಂಬ್ಕೊಳ್ತು.

ಇನ್ನೊಂದು, ಅಜ್ಜ ಹಳೇ ಸುರಂಗದ ಬಾಯಿ ಹತ್ರಾನೂ ನಮ್ಮನ್ನ ಬಿಡ್ತಿರ್ಲಿಲ್ಲ. ನೀರಿಗಿಂತ ಒಳಗಿನ ವಿಷದ ಗಾಳಿಗೆ ಹೆದರ್ತಿದ್ರು. ನಮ್ಮ ಕಡೆ ತೆರೆದ ಬಾವಿಗೆ ಡೀಸಲ್ ಎಂಜಿನ್ ಇಳಿಸಿ ನೀರು ಹೊಡೆಯುವಾಗ ಒಬ್ಬ ಇಳಿದು ಮೇಲೆ ಬರ್ಲಿಲ್ಲ ಅಂತ ಇನ್ನೊಬ್ಬ ಇಳಿದು, ಅವನನ್ನ ಎತ್ತೋಕೆ ಮೂರನೆಯವ್ನು ಇಳಿದು ಮನೆ ಮನೇನೇ ಹೋಗಿರೋದು ಕೇಳಿದೀವಲ್ಲ, ಅದೇ ಕಥೆ.

ಚಳ್ಳಕೆರೆ ಮೋಟರ್ ವೈಂಡಿಂಗ್

ನಂದು ವೈಂಡಿಂಗ್ ಅಂಗಡಿ, ಗಣಿ ಗಿಣಿ ಗೊತ್ತಿಲ್ಲ, ಪಂಪ್ ಮಾತ್ರ ಕೇಳಿ. ತಮ್ಮ ನಿಂದು ಪಂಪ್ ಎಲ್ಲಿ ಕೂರ್ಸಿದೀಯ? ದಡದ ಮೇಲೆ ಇಟ್ಟಿದ್ರೆ ನೀರು ಕೆಳಗೆ ಹೋದಂಗೆಲ್ಲ ಸಕ್ಷನ್ ಸಿಗಲ್ಲ, ಪುಸ್ತಕದಲ್ಲಿ 10 ಮೀಟರ್ ಅಂತಾರೆ, ನಿಜವಾಗ್ಲೂ 6-7 ಮೀಟರ್ ದಾಟಿದ್ರೆ ಪಂಪು ಬರೀ ಸದ್ದು ಮಾಡುತ್ತೆ ನೀರು ಬರಲ್ಲ. ತೇಲೋ ತೆಪ್ಪದ ಮೇಲೆ ಕೂರ್ಸು, ನೀರು ಏರಿದ್ರೆ ಅದೂ ಏರುತ್ತೆ, ರಾತ್ರಿ ಮಳೆ ಬಂದು ಮೋಟ್ರು ಮುಳುಗೋ ಗೋಳೂ ಇಲ್ಲ. ಫುಟ್‌ವಾಲ್ವ್ (ಪೈಪಿನ ಕೆಳತುದೀಲಿರೋ ವಾಲ್ವ್) ತಳಕ್ಕೆ ತಾಗಿಸ್ಬೇಡ, ಕಲ್ಲಿದ್ದಲ ಪುಡಿ ಎಳ್ಕೊಂಡ್ರೆ ಇಂಪೆಲ್ಲರ್ ತಿಂದು ಹಾಕುತ್ತೆ, ನಮ್ಮ ಕಡೆ ಮರಳು ಬರೋ ಬೋರಲ್ಲಿ ನೋಡಿದೀವಲ್ಲ.

ಕೇಬಲ್ ಜಾಯಿಂಟ್ ನೀರಲ್ಲಿ ಬಿದ್ದಿರ್ಬಾರ್ದು. ಇದನ್ನ ದೊಡ್ಡಕ್ಷರದಲ್ಲಿ ಬರಿ. ನೀರು ಕರೆಂಟು ಎರಡೂ ಇರೋ ಕಡೆ ಅರ್ತ್ ಲೀಕೇಜ್ ರಿಲೇ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋದು) ಕೆಲಸ ಮಾಡುತ್ತಾ ಅಂತ ವಾರಕ್ಕೊಂದ್ಸಲ ಬಟನ್ ಒತ್ತಿ ನೋಡು, ಪದೇ ಪದೇ ಟ್ರಿಪ್ ಆಗುತ್ತೆ ಅಂತ ಬೈಪಾಸ್ ಮಾಡೋ ಮಹಾನುಭಾವರು ಎಲ್ಲಾ ಕಡೆ ಇರ್ತಾರೆ. ಪಂಪ್ ಓಡ್ತಿರುವಾಗ ನೀರು ಕೂಡೋ ಸಂಪಿನೊಳಗೆ ಇಳಿದು ಕಸ ಬಿಡಿಸೋದು, ಬೇಡಪ್ಪಾ ಬೇಡ.

ಹಿರಿಯೂರು ಟು ಸುರತ್ಕಲ್

ಮಳೆ ಲೆಕ್ಕಾನೂ ಈಗ್ಲೇ ಹಾಕ್ಕೋ ಅಣ್ಣ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದ್ರೆ 1 ಲೀಟರ್. ನಿಮ್ಮ ಪಿಟ್ಟು ಮತ್ತೆ ಅದಕ್ಕೆ ಹರಿದು ಬರೋ ಜಾಗ ಸೇರಿ 30 ಹೆಕ್ಟೇರ್ ಅನ್ಕೋ, ಒಂದು ರಾತ್ರಿ 80 ಮಿಮೀ ಸುರೀತು ಅನ್ಕೋ, 2 ಕೋಟಿ 40 ಲಕ್ಷ ಲೀಟರ್. ಅದರಲ್ಲಿ 70 ಪರ್ಸೆಂಟ್ ಸಂಪಿಗೆ ಬಂದ್ರೂ ಸೆಕೆಂಡಿಗೆ 70 ಲೀಟರ್ ಎತ್ತೋ ಪಂಪು ನಿಲ್ಲದಂಗೆ ಓಡಿದ್ರೆ 67 ಗಂಟೆ, ಹತ್ರ ಹತ್ರ ಮೂರು ದಿನ. ಅಷ್ಟರೊಳಗೆ ಇನ್ನೊಂದು ಮಳೆ. ಅಲ್ಲಿ ವರ್ಷದ ಮಳೆ ನಮ್ಮ ದುರ್ಗದ ಎರಡರಷ್ಟಿರುತ್ತೆ ಅನ್ನೋದು ನೆನಪಿರಲಿ.

ಹಂಗಾಗಿ ಒಳಗೆ ಬಂದಿದ್ದನ್ನ ಎತ್ತೋದಕ್ಕಿಂತ ಬರದಂಗೆ ಮಾಡೋದು ಅಗ್ಗ. ಪಿಟ್ಟಿನ ಸುತ್ತ ಗಾರ್ಲೆಂಡ್ ಡ್ರೈನ್ (ಹೊರಗಿನ ಮಳೆ ನೀರು ಒಳಗೆ ಬರದಂಗೆ ತಡೆಯೋ ಕಾಲುವೆ) ತೋಡಿದಾರಾ ಅಂತ ಒಂದು ರೌಂಡ್ ನಡ್ಕೊಂಡು ನೋಡು, ಆಫೀಸಲ್ಲಿ ನಕ್ಷೆ ನೋಡಿ ನಂಬ್ಬೇಡ, ಟಿಪ್ಪರ್ ಓಡಾಡೋಕೆ ಅಂತ ಎಲ್ಲೋ ಒಂದು ಕಡೆ ಮುಚ್ಚಿರ್ತಾರೆ. ನಮ್ಮ ಕೋಟೆ ನೋಡಿಲ್ವಾ, ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ, ಬಂಡೆ ಮೇಲೆ ಬಿದ್ದ ನೀರಿಗೆ ದಾರಿ ಮೊದ್ಲೇ ಗುರುತು ಮಾಡಿಟ್ಟಿದ್ರು. ಮಳೆ ಬಂದ್ಮೇಲೆ ದಾರಿ ಹುಡುಕೋಕೆ ಹೋಗ್ಲಿಲ್ಲ.

ಒಬಿ ಡಂಪ್ (ಕಲ್ಲಿದ್ದಲ ಮೇಲಿನ ಮಣ್ಣು ಕಲ್ಲು ತೆಗೆದು ಸುರಿದ ಗುಡ್ಡೆ) ಬುಡಾನೂ ನೋಡು. ಡಂಪಿನ ಬುಡದಲ್ಲಿ ನೀರು ನಿಂತ್ರೆ ಅದು ಜಾರುತ್ತೆ. 2016 ಡಿಸೆಂಬರ್‌ನಲ್ಲಿ ಝಾರ್ಖಂಡ್‌ನ ಲಾಲ್‌ಮಾಟಿಯಾದಲ್ಲಿ ಓಪನ್‌ಕಾಸ್ಟ್ ಡಂಪ್ ಕುಸಿದು 23 ಜನ ಹೋದ್ರು. ಮೇಲಿನ ಬೆಂಚಲ್ಲಿ ಬಿರುಕು ಕಂಡ್ರೆ ಜೇಡಿಮಣ್ಣು ತುಂಬಿ ಮುಚ್ಚಿಸು, ಬಿರುಕಿಗೆ ನೀರು ಹೋದ್ರೆ ಅದೇ ಬೆಣೆ ಹೊಡೆದಂಗೆ.

ಹೊಳಲ್ಕೆರೆ ಅಡಿಕೆ

ಎಲ್ಲಾ ಸರಿ, ಎತ್ತಿದ ನೀರನ್ನ ಎಲ್ಲಿಗೆ ಬಿಡ್ತೀರಿ ಸ್ವಾಮಿ? ಯಾರೂ ಇದನ್ನ ಕೇಳ್ಲೇ ಇಲ್ವಲ್ಲ. ಗುಡ್ಡದ ಮೈನ್ಸ್ ಮಣ್ಣು ಬಂದು ಕೆರೆ ಹೂಳು ತುಂಬಿ ಅಡಿಕೆ ಸೋಗೆ ಎಲ್ಲ ಕೆಂಪಾಗಿದ್ದು ನಾವು ಅನುಭವಿಸಿದೀವಿ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಆದ್ಮೇಲೆ ನಮ್ಮ ಚಿತ್ರದುರ್ಗ ತುಮಕೂರಲ್ಲೂ ಗಣಿ ನಿಲ್ಸಿದಾಗಲೇ ನಮ್ಮ ತೋಟ ಒಂದೆರಡು ವರ್ಷ ಹಸಿರು ಕಂಡಿದ್ದು. ಮೈನ್ಸ್‌ನೋರು ಒಳಗೆ ಒಣಗಿದ್ರೆ ಸಾಕು ಅಂತಾರೆ, ಹೊರಗಿನೋರ ಗತಿ?

ಭೀಮಸಮುದ್ರದ ಹುಡ್ಗ

@ಹೊಳಲ್ಕೆರೆ ಮಾವ, ಕೋಪ ಮಾಡ್ಕೋಬೇಡಿ, ನಂದೂ ಅಡಿಕೆ ತೋಟದ ಮನೇನೇ, ಒಂದೂವರೆ ಎಕ್ರೆ. ಇಲ್ಲಿ ಸಂಪಿಂದ ಎರಡು ಹಂತದ ಸೆಟ್ಲಿಂಗ್ ಪಾಂಡಿಗೆ ಹೋಗುತ್ತೆ, ಪುಡಿ ತಳಕ್ಕೆ ಕೂತ ಮೇಲೆ ನಾಲೆಗೆ. ಪಕ್ಕದ ಹಳ್ಳಿಯೋರು ಹತ್ತಿಗೆ ಬಿಡಿ ಅಂತ ಕೇಳ್ತಾನೇ ಇರ್ತಾರೆ.

ಎಲ್ಲಾರೂ ಇಷ್ಟೊಂದು ಬರೀತೀರ ಅನ್ಕೊಂಡಿರ್ಲಿಲ್ಲ. ಓವರ್‌ಮ್ಯಾನ್ ಯಜಮಾನ್ರೇ, ಸರ್ವೇಯರ್ ಹತ್ರ ಹೋಗಿದ್ದೆ. ಒಳ್ಳೆ ಮನುಷ್ಯ. ಪ್ಲಾನ್ ಐತೆ ಅಂದ್ರು, ಅದ್ರಲ್ಲಿ ಹಳೇ ಗ್ಯಾಲರಿ ನಮ್ಮ ಗೋಡೆಯಿಂದ 85 ಮೀಟರ್ ದೂರ ತೋರ್ಸುತ್ತೆ, 60ಕ್ಕಿಂತ ಜಾಸ್ತೀನೇ, ಹಂಗಾಗಿ ತೊಂದ್ರೆ ಇಲ್ಲ ಅಂದ್ರು. ಇನ್‌ಚಾರ್ಜ್ ನನ್ನ ಮುಖ ನೋಡಿ ನಕ್ಕ.

ರಿಟೈರ್ಡ್ ಓವರ್‌ಮ್ಯಾನ್

ನಗಲಿ ಬಿಡು. ಪ್ಲಾನ್ ಯಾವ ವರ್ಷದ್ದು? ಗಣಿ ನಿಂತ ದಿನದ್ದಾ, ಅದಕ್ಕೆ ಎರಡು ವರ್ಷ ಮುಂಚಿಂದಾ? ಕೊನೇ ಸರ್ವೆ ಆದ್ಮೇಲೂ ಮಾಲಕ ಆರು ತಿಂಗಳು ಗುಟ್ಟಾಗಿ ಅಗೆದಿರ್ತಾನೆ, ಅದು ಕಾಗದದ ಮ್ಯಾಲೆ ಬರಲ್ಲ. ಅಳತೆ ಅಡಿಯಾಗೋ ಮೀಟರಿನಾಗೋ? ಉತ್ತರ ದಿಕ್ಕು ಯಾವ್ದು ಹಾಕ್ಯಾರೆ, ಆಗ ದಿಕ್ಸೂಚಿ ತೋರಿಸಿದ ಉತ್ತರ ಬ್ಯಾರೆ, ಈಗಿಂದು ಬ್ಯಾರೆ, ಹಳೇ ನಕ್ಷೆನ ಹೊಸದರ ಮ್ಯಾಲೆ ಹಂಗೇ ಇಟ್ಟು ಗೆರೆ ಎಳೆದ್ರೆ ಗ್ಯಾಲರಿ ಎಲ್ಲಿಗೋ ಹೋಗಿ ಕುಂದ್ರುತ್ತೆ. 85 ಅನ್ನೋದು ಕಾಗದ ಹೇಳೋ ಮಾತು. ಗೋಡೆ ಬೆವರ್ತಾ ಐತಲ್ಲ, ಅದೂ ಒಂದು ಮಾತು ಹೇಳ್ತಾ ಐತೆ, ನಾನಾದ್ರೆ ಗೋಡೆ ಮಾತು ನಂಬ್ತೀನಿ.

ಬಾಯಿ ಮಾತಾಗೆ ಹೇಳಬ್ಯಾಡ ಇನ್ನು. ನಿಮ್ಮ ಓವರ್‌ಮ್ಯಾನ್ (ಪಾಳಿ ಉಸ್ತುವಾರಿ) ಕೈಲಿ ದಿನದ ರಿಪೋರ್ಟ್ ಪುಸ್ತಕದಾಗೆ ಬರೆಸು, ತಾರೀಕು, ಟೈಮು, ನಿಮಿಷಕ್ಕೆ ಎಷ್ಟು ಲೀಟರ್. ಒಂದು ಬಕೆಟ್ ಹಿಡಿದು ವಾಚ್ ನೋಡು ಸಾಕು. ದಿನಾ ಒಂದೇ ಹೊತ್ತಿಗೆ. ಅಂಕಿ ಏರ್ತಾ ಹೋದ್ರೆ ಮ್ಯಾನೇಜರ್ ಸಹಿ ಹಾಕಿ ಸುಮ್ನೆ ಕುಂದ್ರೋಕೆ ಆಗಲ್ಲ, ಸಹಿ ಮಾಡಿದೋನೇ ಜವಾಬ್ದಾರ.

ನಿನ್ನ ಮೇಟ್ ಸರ್ಟಿಫಿಕೇಟು ಲೋಹದ ಗಣೀದು, ಇಲ್ಲಿ ನಡೆಯಲ್ಲ ಗೊತ್ತಲ್ಲ, ಕಲ್ಲಿದ್ದಲಿಗೆ ಸರ್ದಾರ್ (ಕಲ್ಲಿದ್ದಲು ಗಣಿ ಮೇಲ್ವಿಚಾರಕ) ಪರೀಕ್ಷೆ ಬ್ಯಾರೆ. ಅದನ್ನ ಕಟ್ಟು. ಸರ್ಟಿಫಿಕೇಟ್ ಇದ್ದೋನು ಬರೆದ್ರೆ ತೂಕ ಜಾಸ್ತಿ.

ಬೆಣ್ಣೆದೋಸೆ ಬಾಸ್

ಬರೆದು ಕೊಟ್ರೆ ಕಾಂಟ್ರಾಕ್ಟ್ ಕಂಪನಿ ಮಾರನೇ ದಿನಾನೇ ಗೇಟ್ ಪಾಸ್ ಕಿತ್ಕೊಳ್ಳುತ್ತೆ ಯಜಮಾನ್ರೇ. ನಿಮ್ಮ ಕಾಲದ ಪರ್ಮನೆಂಟ್ ನೌಕ್ರಿ ಅಲ್ಲ ಇದು.

ರಿಟೈರ್ಡ್ ಓವರ್‌ಮ್ಯಾನ್

ಅದೂ ಖರೆ. ಅದಕ್ಕೇ ಅವನೇ ಬರೀಲಿ ಅನ್ನಲಿಲ್ಲ, ಓವರ್‌ಮ್ಯಾನ್ ಕೈಲಿ ಬರೆಸು ಅಂದೆ. ಓವರ್‌ಮ್ಯಾನ್‌ಗೆ ಅದು ಕಾನೂನಿನ ಕೆಲಸ, ಅಂವ ಹೆದರೋ ಹಂಗಿಲ್ಲ.

ಭೀಮಸಮುದ್ರದ ಹುಡ್ಗ (ಎಂಟು ದಿನ ಬಿಟ್ಟು)

ಬರೆಸ್ದೆ. ಮೊದಲ ದಿನ ನಿಮಿಷಕ್ಕೆ 9 ಲೀಟರ್, ಆಮೇಲೆ 11, 11, 14, ಬ್ಲಾಸ್ಟಿಂಗ್ ಆದ ಮಾರನೇ ದಿನ 22, ನೀರು ಸ್ವಲ್ಪ ಬಗ್ಗಡ. ಆ 22 ನೋಡಿ ಓವರ್‌ಮ್ಯಾನ್ ಪುಸ್ತಕ ಹಿಡ್ಕೊಂಡು ಸೀದಾ ಮ್ಯಾನೇಜರ್ ರೂಮಿಗೆ ಹೋದ್ರು. ಸಂಜೆಗೆ ಆ ಬೆಂಚ್ ಮೇಲಿಂದ ಹಿಟಾಚಿ, ಡ್ರಿಲ್ ಎಲ್ಲ ಎತ್ತಿಸಿದ್ರು, ಪಡುವಣ ಕಡೆ ಬ್ಲಾಸ್ಟಿಂಗ್ ಬಂದ್. ಸರ್ವೇಯರ್ ಮತ್ತೆ ಪ್ಲಾನ್ ತೆಗೆದ್ರು. ಯಜಮಾನ್ರು ಹೇಳಿದ್ದೇ ಆಗಿತ್ತು, ಹಳೇ ಪ್ಲಾನ್ ಅಡಿ ಲೆಕ್ಕದ್ದು, ಉತ್ತರ ದಿಕ್ಕು ತಿದ್ದೇ ಇರ್ಲಿಲ್ಲ. ತಿದ್ದಿ ಹಾಕಿದ್ರೆ 85 ಹೋಗಿ 40 ಚಿಲ್ಲರೆ ಬಂತು. ಇನ್‌ಚಾರ್ಜ್ ಈಗ ನಗ್ತಿಲ್ಲ, ಮಾತೂ ಆಡ್ತಿಲ್ಲ.

ಇನ್ನು ಬೋರ್ ಹಾಕ್ತಾರಂತೆ, ಅದಕ್ಕೆ ಅನುಮತಿ ಕಾಗದ ಹೋಗಿದೆ.

ಜಗಳೂರು ಟೀಚರ್

ದೇವರು ದೊಡ್ಡೋನು. ಅಮ್ಮಂಗೆ ಫೋನ್ ಮಾಡಿದ್ರಾ?

ಹಿರಿಯೂರು ಟು ಸುರತ್ಕಲ್

ಬೋರ್ ಹಾಕುವಾಗ ಬರೀ ತೂತು ಕೊರೆಯೋಕೆ ಬಿಡ್ಬೇಡಿ ಅಣ್ಣ. ಮೊದ್ಲು ಬಾಯಿಗೆ ಪೈಪ್ ಕೂರಿಸಿ ಸಿಮೆಂಟ್ ಹಾಕಿ, ಅದಕ್ಕೆ ವಾಲ್ವ್ ಹಾಕಿ, ಅದರೊಳಗಿಂದ ಕೊರೀಬೇಕು. ನೀರು ಸಿಕ್ಕ ತಕ್ಷಣ ವಾಲ್ವ್ ಮುಚ್ಚಬಹುದು, ಪ್ರೆಶರ್ ಎಷ್ಟಿದೆ ಅಂತ ಗೇಜ್‌ನಲ್ಲಿ ನೋಡಬಹುದು. ಇಲ್ದಿದ್ರೆ ಡ್ರಿಲ್ ರಾಡ್ ಬಾಣದ ಥರ ವಾಪಸ್ ಬರುತ್ತೆ.

ನೀರು ಖಾಲಿ ಮಾಡೋದೂ ನಿಧಾನ ಇರ್ಲಿ. ಕೆರೆ ತೂಬು ಒಂದೇ ಸಲ ಪೂರ್ತಿ ಎತ್ತಿ ನೀರು ಸರ್ರಂತ ಇಳಿಸಿದ್ರೆ ಏರಿಯ ಒಳಮೈ ಜಾರುತ್ತೆ ಅಂತ ನೀರಗಂಟಿಗಳಿಗೆ ಗೊತ್ತಿತ್ತು. ಇಲ್ಲೂ ಹಂಗೇ, ಗೋಡೆ ಒಳಗಿನ ನೀರಿಗೆ ಹೊರಬರೋಕೆ ಟೈಮ್ ಬೇಕು.

ರಿಟೈರ್ಡ್ ಓವರ್‌ಮ್ಯಾನ್

ಹುಡುಗ ಸರಿಯಾಗಿ ಹೇಳ್ಯಾನೆ. ನಾನು ಇನ್ನೊಂದು ಸೇರಿಸ್ತೀನಿ, ಇದನ್ನ ಬಹಳ ಮಂದಿ ಮರೀತಾರೆ. ಕಲ್ಲಿದ್ದಲ ಗಣಿಯಾಗೆ ನೀರು ಶತ್ರು ಅಷ್ಟೇ ಅಲ್ಲ, ಕಾವಲುಗಾರನೂ ಹೌದು. ಐವತ್ತು ವರ್ಷ ನೀರಾಗೆ ಮುಳುಗಿದ ಕಂಬಗಳಿಗೆ ಗಾಳಿ ತಾಗಿರಲ್ಲ. ನೀವು ನೀರು ತೆಗೆದ ದಿನ ಗಾಳಿ ಒಳಗೆ ಹೋಗುತ್ತೆ, ಕಲ್ಲಿದ್ದಲು ತಾನೇ ಬಿಸಿ ಆಗಾಕೆ ಶುರು, ಯಾರೂ ಬೆಂಕಿ ಹಚ್ಚೋದೇ ಬ್ಯಾಡ. ಝರಿಯಾದಾಗೆ ಭೂಮಿ ಒಳಗೆ 1916ರಿಂದ ಉರೀತಾ ಐತೆ ಅಂತಾರಲ್ಲ, ಅದೂ ಹಿಂಗೇ ಬಿಟ್ಟು ಹೋದ ಗಣಿಗಳ ಪಾಪ. ಹಂಗಾಗಿ ನೀರು ಖಾಲಿ ಆಗೋ ಕಡೆ ಕಾರ್ಬನ್ ಮೋನಾಕ್ಸೈಡ್ ದಿನಾ ಅಳೀರಿ, ತೆರೆದ ಬಾಯಿಗಳನ್ನ ಮಣ್ಣು ಹಾಕಿ ಮುಚ್ಚಿ. ಹೊಗೆಗಿಂತ ಮುಂಚೆ ವಾಸನೆ ಬರುತ್ತೆ, ಸೀಮೆಎಣ್ಣೆ ಥರ. ಅದು ಬಂದ್ರೆ ಆ ಕಡೆ ಬ್ಲಾಸ್ಟಿಂಗ್ ತೂತಿಗೆ ಮದ್ದು ತುಂಬೋಕೆ ಮುಂಚೆ ಬಿಸಿ ಎಷ್ಟೈತೆ ನೋಡ್ಬೇಕು.

ಹೊಳಲ್ಕೆರೆ ಅಡಿಕೆ

ಆ ಹಳೇ ನೀರನ್ನ ಹತ್ತಿ ಹೊಲಕ್ಕೆ ಬಿಟ್ಟೀರಿ ಜೋಕೆ.

ಹಿರಿಯೂರು ಟು ಸುರತ್ಕಲ್

ಹೊಳಲ್ಕೆರೆ ಮಾವ ಕರೆಕ್ಟ್. ಕಲ್ಲಿದ್ದಲ ಜೊತೆ ಪೈರೈಟ್ (ಕಬ್ಬಿಣ ಗಂಧಕ ಸೇರಿದ ಖನಿಜ) ಇದ್ರೆ ಅದಕ್ಕೆ ಗಾಳಿ ನೀರು ತಾಗಿ ಗಂಧಕಾಮ್ಲ ಆಗುತ್ತೆ, ತುಕ್ಕಿನ ಲೋಳೆ ಅದರದ್ದೇ ಕೆಲಸ. ಮೊದ್ಲು ಪಿಎಚ್ ನೋಡಿ, ಕಮ್ಮಿ ಇದ್ರೆ ಸುಣ್ಣ ಹಾಕಿ ಸರಿ ಮಾಡಿ, ಲ್ಯಾಬ್ ರಿಪೋರ್ಟ್ ಬಂದ್ಮೇಲೆ ಹೊರಗೆ ಬಿಡೋ ಮಾತು. ಪಂಪಿನ ಎರಕದ ಕಬ್ಬಿಣಾನೂ ಹುಳಿ ನೀರು ತಿನ್ನುತ್ತೆ.

ಭೀಮಸಮುದ್ರದ ಹುಡ್ಗ (ಜೂನ್ ಕೊನೆ)

ತುಂಬಾ ದಿನ ಆಯ್ತು, ಸಾರಿ. ಬೋರ್ ಹಾಕಿದ್ರು. ಮೊದ್ಲೆರಡು ಒಣ. ಮೂರನೇದು 31 ಮೀಟರ್‌ಗೆ ಬುಸ್ಸಂತ ಬಂತು, ವಾಲ್ವ್ ಇತ್ತು, ಮುಚ್ಚಿದ್ರು, ಗೇಜು ಚದರ ಸೆಂಟಿಮೀಟರಿಗೆ 2 ಕೆಜಿಗಿಂತ ಜಾಸ್ತಿ ತೋರಿಸ್ತು. ಅಂದ್ರೆ ಆಚೆ ಕಡೆ 20 ಮೀಟರ್‌ಗಿಂತ ಎತ್ತರಕ್ಕೆ ನೀರು ನಿಂತಿತ್ತು. ಅದರ ಬುಡದಲ್ಲೇ ನಾವು ದಿನಾ ಟಿಪ್ಪರ್ ನಿಲ್ಸಿ ಬೀಡಿ ಸೇದ್ತಿದ್ವಿ. ಮೂರು ವಾರ ಸ್ವಲ್ಪ ಸ್ವಲ್ಪ ಬಿಟ್ಟು ಖಾಲಿ ಮಾಡಿದ್ರು, ಪೂರ್ತಿ ಅಲ್ಲ, ಮಳೆ ಬಂತು. ಪಿಎಚ್ 5ರ ಹತ್ರ, ಸುಣ್ಣದ ಮೂಟೆ ಬಂದಾವೆ. ಹತ್ತಿಯೋರಿಗೆ ಇನ್ನೂ ಕೊಟ್ಟಿಲ್ಲ ಮಾವ.

ಗಾರ್ಲೆಂಡ್ ಡ್ರೈನ್ ನಡ್ಕೊಂಡು ನೋಡ್ದೆ, ನಿಜವಾಗ್ಲೂ ಎರಡು ಕಡೆ ಟಿಪ್ಪರ್ ದಾರಿಗೆ ಮುಚ್ಚಿದ್ರು, ಹ್ಯೂಮ್ ಪೈಪ್ ಹಾಕ್ಸಿದ್ವಿ. ಪಂಪ್ ತೆಪ್ಪದ ಮೇಲೆ. ನಿನ್ನೆ ರಾತ್ರಿ ಮೊದಲ ದೊಡ್ಡ ಮಳೆ, ಗಂಟೆಗೊಂದ್ಸಲ ಸಂಪಿನ ಮಟ್ಟ ಬರೀತಾ ಕೂತಿದ್ದೆ, ಅಮ್ಮ ಫೋನ್ ಮಾಡಿ ಅಲ್ಲೂ ಮಳೆನೇನೋ ಅಂದ್ರು, ಹೂಂ ಸಣ್ಣ ಸೋನೆ ಅಂದೆ. ಸರ್ದಾರ್ ಪರೀಕ್ಷೆಗೆ ಪುಸ್ತಕ ತಗೊಂಡೆ ಯಜಮಾನ್ರೇ, ಹಿಂದೀಲಿ ಐತೆ, ನಿಧಾನಕ್ಕೆ ಓದ್ತಿದೀನಿ.

@ಚಳ್ಳಕೆರೆ ಅಣ್ಣ, 50 ಎಚ್‌ಪಿ ಮೋಟರ್ ಒಂದು ಬೆಳಗಿನ ಜಾವದಿಂದ ಕಿರ್ರ್ ಅಂತಾ ಐತೆ.

ಚಳ್ಳಕೆರೆ ಮೋಟರ್ ವೈಂಡಿಂಗ್

ಬೇರಿಂಗು. ಪೂರ್ತಿ ಜಾಮ್ ಆಗೋಕೆ ಬಿಡ್ಬೇಡ, ವೈಂಡಿಂಗೂ ಸುಡುತ್ತೆ. ಸ್ಪೇರ್ ಪಂಪ್ ಆನ್ ಮಾಡಿ ಇದನ್ನ ಇಳಿಸು. ಬೇರಿಂಗ್ ಮೇಲೆ ನಂಬರ್ ಇರುತ್ತೆ ನೋಡಿ ಹೇಳು.

ಭೀಮಸಮುದ್ರದ ಹುಡ್ಗ

ಗ್ರೀಸ್ ಮೆತ್ಕೊಂಡೈತೆ ಅಣ್ಣ, 6313 ಅಂತ ಕಾಣ್ಸುತ್ತೆ, ಕೊನೇದು 3 ನೋ 8 ನೋ ಗೊತ್ತಾಗ್ತಿಲ್ಲ. ಡೀಸಲ್ ಹಾಕಿ ಒರೆಸಿ ಹೇಳ್ತೀನಿ.